ಕೆಮಿಸ್ಟ್ರಿಯ ಪ್ರಶ್ನೆ ಬೇರೆ, ಮೇಜರ್‌ನ ಪ್ರಶ್ನೆ ಬೇರೆ

ಪ್ರಶ್ನೆ: ನನ್ನ ತವರು ಸೊರಬ ಕಡೆಯ ಒಂದು ಹಳ್ಳಿ. ಮದುವೆಯಾಗಿ ಅಮೆರಿಕಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯಿತು. ಈಗ ಡಲ್ಲಾಸ್ ಹತ್ತಿರದ ಪ್ಲೇನೋದಲ್ಲಿದ್ದೇವೆ. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಬಯಾಲಜಿ ಮೇಜರ್, ಎರಡನೇ ವರ್ಷ. ಡಾಕ್ಟರ್ ಆಗುತ್ತೇನೆ ಅಂತ ಆರನೇ ಕ್ಲಾಸಿನಿಂದ ಹೇಳಿಕೊಂಡು ಬಂದವಳು ಈಗ ಬಯಾಲಜಿ ಬಿಟ್ಟು ‘ಹೆಲ್ತ್ ಆಂಡ್ ಸೊಸೈಟಿ’ ಅನ್ನುವ ಬಿ.ಎ.ಗೆ ಹೋಗುತ್ತಾಳಂತೆ. ಬೇಸಿಗೆ ರಜೆಯಲ್ಲಿ ಇಲ್ಲೊಂದು ಉಚಿತ ಕ್ಲಿನಿಕ್ಕಿನಲ್ಲಿ ಸ್ಪ್ಯಾನಿಷ್ ಮಾತಾಡುವ ರೋಗಿಗಳಿಗೆ ದುಭಾಷಿಯಾಗಿ ಹೋಗುತ್ತಿದ್ದಳು. ದುಡ್ಡಿಲ್ಲದೆ ಬಿ.ಪಿ. ಮಾತ್ರೆಯನ್ನು ಅರ್ಧ ಮುರಿದು ನುಂಗುವ ಒಬ್ಬ ಹೆಂಗಸಿನ ವಿಷಯ ಹೇಳಿ ಒಂದು ರಾತ್ರಿ ಅತ್ತಳು. ಎಲ್ಲ ಶುರುವಾಗಿದ್ದು ಅಲ್ಲಿಂದ. ಈ ಸೆಮಿಸ್ಟರ್ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನೂ ಡ್ರಾಪ್ ಮಾಡಿದ್ದಾಳೆ ಅಂತ ನಮಗೆ ಆಮೇಲೆ ಗೊತ್ತಾಯಿತು. ಬಿ.ಎ. ಓದಿಸೋಕೆ ಇಷ್ಟು ದುಡ್ಡು ಸುರಿಯಬೇಕಾ ಅಂತ ನಮ್ಮವರು ಅವಳ ಹತ್ತಿರ ಮಾತೇ ಬಿಟ್ಟಿದ್ದಾರೆ. ಅವಳು ಮಾತ್ರ ‘ಅಮ್ಮಾ, ಇದು ಓದಿದರೂ ಡಾಕ್ಟರ್ ಆಗಬಹುದು’ ಅನ್ನುತ್ತಾಳೆ. ನಿಜವೇ? ಇದರಲ್ಲಿ ಏನೇನು ಓದಿಸುತ್ತಾರೆ? ಅವಳ ಅಡ್ವೈಸರ್‌ಗೆ ನಾನೇ ಫೋನ್ ಮಾಡಿ ಕೇಳಲೇ? ಇನ್ನೊಂದು, ಬರೆಯಲು ನಾಚಿಕೆ. ಕನ್ನಡ ಕೂಟದಲ್ಲಿ ಮಗಳು ಏನು ಓದುತ್ತಿದ್ದಾಳೆ ಅಂತ ಕೇಳಿದರೆ ಏನು ಹೇಳಲಿ?
— ಹೆಸರು ಬೇಡ, ಪ್ಲೇನೋ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ಸ್ವಲ್ಪ ಸಮಾಧಾನದಿಂದ ಓದಬಹುದು. ಆದರೆ ಅವಳು ಹೇಳದೆ ಬಿಟ್ಟದ್ದೂ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗಾಬರಿಯ ಬೇರು ಟೆಕ್ಸಾಸ್‌ನಲ್ಲಿಲ್ಲ, ನಮ್ಮ ಪಿಯುಸಿಯಲ್ಲಿದೆ ಅಂತ ನನಗೆ ಅನಿಸುತ್ತದೆ. ನಾವು ಓದುವಾಗ ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಹಣೆಬರಹ ಬರೆದಾಗುತ್ತಿತ್ತು. ಪಿಸಿಎಂಬಿ ತೆಗೆದುಕೊಂಡವರಿಗೆ ಮೆಡಿಕಲ್ ಬಾಗಿಲು, ಆರ್ಟ್ಸ್ ಅಂದವರಿಗೆ ಅದು ಜನ್ಮಕ್ಕೆ ಮುಚ್ಚಿದ ಬಾಗಿಲು. ಪಿಯುಸಿ ಆದಮೇಲೆ ನೇರ ಎಂಬಿಬಿಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಮೆರಿಕದಲ್ಲಿ ವೈದ್ಯಕೀಯ ಎನ್ನುವುದು ಡಿಗ್ರಿಯ ನಂತರದ ಓದು. ನಾಲ್ಕು ವರ್ಷ ಪದವಿ, ಎಂಸಿಎಟಿ ಪರೀಕ್ಷೆ, ನಾಲ್ಕು ವರ್ಷ ಎಂ.ಡಿ., ಅದಾದ ಮೇಲೆ ವಿಭಾಗಕ್ಕೆ ತಕ್ಕಂತೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ. ಮೊದಲ ನಾಲ್ಕು ವರ್ಷದ ಪದವಿ ಯಾವುದರಲ್ಲಿ ಎಂದು ವೈದ್ಯಕೀಯ ಕಾಲೇಜು ಕಟ್ಟುಪಾಡು ಹಾಕುವುದಿಲ್ಲ. ಇಂತಿಂಥ ಕೋರ್ಸ್ ಮುಗಿಸಿರಬೇಕು ಎಂದು ಹೇಳುತ್ತದೆ, ಅಷ್ಟೇ. ಸಂಗೀತ ಓದಿದವರೂ, ಇತಿಹಾಸ ಓದಿದವರೂ ಆ ಕೋರ್ಸುಗಳನ್ನು ಪಕ್ಕದಲ್ಲೇ ಮುಗಿಸಿಕೊಂಡು ಅರ್ಜಿ ಹಾಕುತ್ತಾರೆ. ಅರ್ಜಿ ಹಾಕುವವರಲ್ಲಿ ಜೀವವಿಜ್ಞಾನದವರೇ ಅರ್ಧಕ್ಕಿಂತ ಹೆಚ್ಚು, ಅದು ಹೌದು. ಆದರೆ ಸಮಾಜವಿಜ್ಞಾನ, ಮಾನವಿಕ ಶಾಸ್ತ್ರಗಳಿಂದ ಬಂದವರಲ್ಲಿ ಸೀಟು ಸಿಗುವವರ ಪ್ರಮಾಣ ಅವರಿಗಿಂತ ಕಡಿಮೆಯೇನಿಲ್ಲ.

ಅಂದರೆ ಇಲ್ಲಿ ಎರಡು ಬೇರೆ ಬೇರೆ ಖಾತೆಗಳಿವೆ. ಡಿಗ್ರಿಗೆ ಬೇಕಾದದ್ದು ಒಂದು ಖಾತೆ, ಮೆಡಿಕಲ್ ಪ್ರವೇಶಕ್ಕೆ ಬೇಕಾದದ್ದು ಇನ್ನೊಂದು. ನಿಮ್ಮ ಮನೆಯಲ್ಲಿ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡು ಜಗಳವಾಡುತ್ತಿದ್ದೀರಿ.

ಮೊದಲ ಖಾತೆ ನೋಡೋಣ. ಟೆಕ್ಸಾಸ್‌ನಲ್ಲಿ ಇಂಥ ಪದವಿಗೆ ಒಟ್ಟು 120 ಕ್ರೆಡಿಟ್ ಅವರ್ ಬೇಕು. ಕೋರ್ಸಿಗೆ ಮೂರರಂತೆ ಹಿಡಿದರೆ ಸುಮಾರು ನಲವತ್ತು ಕೋರ್ಸು. ಅದರಲ್ಲಿ 42 ಅವರ್ ರಾಜ್ಯವೇ ನಿಗದಿ ಮಾಡಿದ ‘ಕೋರ್’. ಇಂಗ್ಲಿಷ್ ಬರವಣಿಗೆ, ಗಣಿತ, ಒಂದಿಷ್ಟು ವಿಜ್ಞಾನ, ಕಲೆ, ಅಮೆರಿಕದ ಇತಿಹಾಸ 6 ಅವರ್, ಸರ್ಕಾರ ಮತ್ತು ಸಂವಿಧಾನ 6 ಅವರ್. ಎಂಜಿನಿಯರ್ ಆಗುವವರೂ ಇದನ್ನು ಓದಲೇಬೇಕು, ಟೆಕ್ಸಾಸ್ ಸಂವಿಧಾನ ಸಮೇತ! ನಿಮ್ಮ ಮಗಳು ಒಂದೂವರೆ ವರ್ಷದಲ್ಲಿ ಇದರ ದೊಡ್ಡ ಪಾಲು ಮುಗಿಸಿರುತ್ತಾಳೆ. ಮೇಜರ್, ಅಂದರೆ ಮುಖ್ಯ ವಿಷಯ, ಬದಲಾದರೂ ಅದು ಎಲ್ಲೂ ಹೋಗುವುದಿಲ್ಲ.

ಮೇಜರ್‌ನ ಪಾಲು ಇಂಥ ಬಿ.ಎ.ಗಳಲ್ಲಿ ಸಾಮಾನ್ಯವಾಗಿ ಒಟ್ಟಿನ ಕಾಲು ಭಾಗದಿಂದ ಮೂರನೇ ಒಂದು ಭಾಗ. ಅದರೊಳಗೆ ಏನಿರುತ್ತದೆ ಎಂದು ಕೇಳಿದ್ದೀರಿ. ಕೋರ್ಸುಗಳ ಹೆಸರು ಓದಿ ಹೇಳಿದರೆ ನಿಮಗೆ ಏನೂ ತಿಳಿಯುವುದಿಲ್ಲ, ನನಗೂ ಮೊದಮೊದಲು ತಿಳಿದಿರಲಿಲ್ಲ. ನಿಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ.

ಸೊರಬದವರಿಗೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ನಿಮ್ಮ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಮಂಗಗಳು ಸತ್ತು ಬೀಳತೊಡಗಿದ್ದು, ಅದರ ಹಿಂದೆಯೇ ಜನರಿಗೆ ಜ್ವರ ಬಂದದ್ದು. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಇವತ್ತಿಗೂ ಅದು ಕ್ಯಾಸನೂರು ಕಾಡಿನ ಕಾಯಿಲೆ. ವೈರಸ್ ಯಾವುದು, ಉಣುಗು ಅದನ್ನು ಹೇಗೆ ಹೊತ್ತು ತರುತ್ತದೆ ಎನ್ನುವುದು ಬಯಾಲಜಿ. ಅದು ಆಗ ಬೇಗನೆ ಗೊತ್ತಾಯಿತು. ಆದರೂ 2018ರ ಕೊನೆಯಲ್ಲಿ, ಅರವತ್ತು ವರ್ಷ ಕಳೆದ ಮೇಲೆ, ಸಾಗರ ತಾಲೂಕಿನ ಅರಲಗೋಡಿನಲ್ಲಿ ಜನ ಮತ್ತೆ ಸತ್ತರು. ವೈರಸ್ ಗೊತ್ತಿದ್ದೂ ಯಾಕೆ ಸತ್ತರು? ಈ ‘ಯಾಕೆ’ಗೆ ಉತ್ತರ ಹುಡುಕುವುದೇ ನಿಮ್ಮ ಮಗಳು ಕೇಳುತ್ತಿರುವ ಓದು.

ಯಾರಿಗೆ ಬಂತು, ಯಾವ ತಿಂಗಳಲ್ಲಿ, ಯಾವ ಮನೆಗಳಲ್ಲಿ ಎಂದು ಎಣಿಸುವುದು ಸಾಂಕ್ರಾಮಿಕ ರೋಗವಿಜ್ಞಾನ. ಎಣಿಸಿದ್ದು ಕಾಕತಾಳೀಯವೋ ಅಲ್ಲವೋ ಎಂದು ತೂಗಿ ನೋಡುವುದು ಸ್ಟಾಟಿಸ್ಟಿಕ್ಸ್. ಕಟ್ಟಿಗೆ, ತರಗೆಲೆ, ಸೊಪ್ಪಿಗೆಂದು ಕಾಡಿಗೆ ಹೋಗುವವರು ಯಾರು, ಹೋಗದಿದ್ದರೆ ಅವರ ಒಲೆ ಉರಿಯುತ್ತದೆಯೇ, ಕೊಟ್ಟಿಗೆಗೆ ಹಾಸು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಸಮಾಜಶಾಸ್ತ್ರ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಡಿಎಂಪಿ ಎಣ್ಣೆ ಕೊಟ್ಟರೂ ಕೆಲವರು ಹಚ್ಚಲಿಲ್ಲ, ಲಸಿಕೆಯ ಒಂದು ಸೂಜಿ ತೆಗೆದುಕೊಂಡವರು ಮುಂದಿನ ಸೂಜಿಗೆ ಬರಲಿಲ್ಲ. ಅವರನ್ನು ‘ತಿಳಿವಳಿಕೆ ಇಲ್ಲದವರು’ ಅಂತ ತಳ್ಳಿಹಾಕದೆ ಜಗಲಿಯಲ್ಲಿ ಕೂತು ಕಾರಣ ಕೇಳಿಸಿಕೊಳ್ಳುವುದು ಮಾನವಶಾಸ್ತ್ರ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಇದೇ ಕಾಯಿಲೆ ಸ್ಫೋಟವಾದಾಗ ಗೇರು ತೋಟಕ್ಕೆಂದು ಕಾಡು ಕಡಿದದ್ದರ ಕಡೆಗೆ ತಜ್ಞರು ಬೊಟ್ಟು ಮಾಡಿದರು, ಅದು ಇತಿಹಾಸ ಮತ್ತು ಪರಿಸರ. ವರ್ಷಗಟ್ಟಲೆ ಕೊಟ್ಟ ಲಸಿಕೆಯ ಶಕ್ತಿ ಕುಗ್ಗಿದಾಗ ನಿಲ್ಲಿಸುವವರು ಯಾರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇದ್ದಾರೋ ಇಲ್ಲವೋ ಎಂದು ನೋಡುವವರು ಯಾರು, ಸತ್ತವರ ಮನೆಗೆ ಪರಿಹಾರ ಎಷ್ಟು ಎನ್ನುವವರು ಯಾರು? ಅದು ನೀತಿ ಮತ್ತು ನ್ಯಾಯದ ಪಾಠ.

ಟೆಕ್ಸಾಸ್‌ನಲ್ಲಿ ಉಣುಗಿನ ಬದಲು ವಿಮೆ ಇದೆ. ಅಮೆರಿಕದಲ್ಲಿ ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ನೀವಿರುವುದೇ. ಬಡವರಿಗಾಗಿ ಇರುವ ಮೆಡಿಕೇಡ್ ಯೋಜನೆಯನ್ನು ಬೇರೆ ಬಹುಪಾಲು ರಾಜ್ಯಗಳು ವಿಸ್ತರಿಸಿದರೂ ಟೆಕ್ಸಾಸ್ ವಿಸ್ತರಿಸಿಲ್ಲ. ಮಾತ್ರೆ ಅರ್ಧ ಮುರಿದ ಆ ಹೆಂಗಸಿಗೆ ಕಾಯಿಲೆ ಏನು ಅಂತ ಡಾಕ್ಟರಿಗೆ ಗೊತ್ತು, ಔಷಧಿಯೂ ಗೊತ್ತು. ಆದರೂ ಬಿ.ಪಿ. ಇಳಿಯಲಿಲ್ಲ. ನಿಮ್ಮ ಮಗಳು ಅತ್ತದ್ದು ಇದಕ್ಕೆ. ಹತ್ತೊಂಬತ್ತರ ವಯಸ್ಸಿನಲ್ಲಿ ಅದು ಕಣ್ಣಿಗೆ ಬಿದ್ದಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷ.

ಇಂಥ ಪದವಿಗಳಲ್ಲಿ ಪರಿಚಯದ ಕೋರ್ಸ್ ಒಂದು, ಸಂಶೋಧನಾ ವಿಧಾನ ಅಥವಾ ಅಂಕಿಅಂಶದ ಕೋರ್ಸ್ ಒಂದೆರಡು ಕಡ್ಡಾಯವಾಗಿ ಇರುತ್ತವೆ. ಉಳಿದದ್ದನ್ನು ಹಲವು ವಿಭಾಗಗಳಿಂದ ಆರಿಸಿಕೊಳ್ಳಬೇಕು. ಇದರ ಸೊಗಸೂ ಇಲ್ಲೇ, ಅಪಾಯವೂ ಇಲ್ಲೇ. ಮದುವೆ ಮನೆಯ ಬಫೆಯಲ್ಲಿ ಬರೀ ಸಿಹಿ ಬಡಿಸಿಕೊಂಡು ಎದ್ದು ಹೋಗುವವರಿದ್ದಾರಲ್ಲ, ಹಾಗೆ ಹೆಸರು ಚೆಂದ ಕಂಡ ಕೋರ್ಸುಗಳನ್ನೇ ಆರಿಸಿಕೊಂಡು ನಾಲ್ಕನೇ ವರ್ಷ ‘ನನಗೆ ಏನು ಬರುತ್ತದೆ?’ ಎಂದು ಕೈಚೆಲ್ಲಿ ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ಅಮೆರಿಕದ ಕಾಲೇಜೊಂದರಲ್ಲಿ ಹದಿನೈದು ವರ್ಷ ವಿದ್ಯಾರ್ಥಿಗಳ ಕೋರ್ಸ್ ಪಟ್ಟಿ ಹೊಂದಿಸುವ ಮೇಜಿನ ಹಿಂದೆ ಕೂತವಳು ನಾನು. ಹೆಸರು ಗಟ್ಟಿಯಾಗಿ ಕೇಳಿಸುವ ಮೇಜರ್‌ನಲ್ಲಿದ್ದು ಪೊಳ್ಳಾಗಿ ಓದಿದವರೂ ಬಂದಿದ್ದಾರೆ, ಹೆಸರು ಮೆತ್ತಗಿರುವ ಮೇಜರ್‌ನಲ್ಲಿದ್ದು ಗಟ್ಟಿಯಾಗಿ ಓದಿದವರೂ ಬಂದಿದ್ದಾರೆ. ನಿಮ್ಮ ಮಗಳಿಗೆ ನನ್ನದೊಂದೇ ಒತ್ತಾಯ: ಸ್ಟಾಟಿಸ್ಟಿಕ್ಸ್ ಒಂದಕ್ಕೆ ನಿಲ್ಲಿಸಬೇಡ, ಎರಡು ಓದು, ಸಾಧ್ಯವಾದರೆ ಮೂರನೆಯದನ್ನೂ. ಡೇಟಾ ಕೈಯಲ್ಲಿ ಹಿಡಿದು ಲೆಕ್ಕ ಮಾಡಲು ಬಂದರೆ ಈ ಪದವಿಗೆ ಆರೋಗ್ಯ ಇಲಾಖೆಯಲ್ಲಿ, ಆಸ್ಪತ್ರೆಯ ಆಡಳಿತದಲ್ಲಿ, ವಿಮೆಯಲ್ಲಿ, ಸಂಶೋಧನೆಯಲ್ಲಿ ಬೆಲೆ ಇದೆ. ಬಾರದಿದ್ದರೆ ಬರೀ ಒಳ್ಳೆಯ ಮನಸ್ಸಿಗೆ ಸಂಬಳ ಕೊಡುವವರು ಕಡಿಮೆ. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಅವರ ಕೋಪದಲ್ಲಿ ಇಷ್ಟು ಮಟ್ಟಿಗೆ ಹುರುಳಿದೆ.

ಈಗ ಎರಡನೇ ಖಾತೆ. ಟೆಕ್ಸಾಸ್‌ನ ವೈದ್ಯಕೀಯ ಕಾಲೇಜುಗಳು ಹೆಚ್ಚುಕಡಿಮೆ ಕೇಳುವುದು: ಜೀವಶಾಸ್ತ್ರ, ಸಾಮಾನ್ಯ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಭೌತಶಾಸ್ತ್ರ, ಇವುಗಳ ಲ್ಯಾಬ್, ಜೊತೆಗೆ ಸ್ಟಾಟಿಸ್ಟಿಕ್ಸ್ ಮತ್ತು ಇಂಗ್ಲಿಷ್. ಒಟ್ಟು 50 ಅವರ್‌ನ ಆಸುಪಾಸು. ಹೌಹಾರಬೇಡಿ. ಇಂಗ್ಲಿಷ್, ಗಣಿತದ ಜಾಗದ ಸ್ಟಾಟಿಸ್ಟಿಕ್ಸ್, ಒಂದಿಷ್ಟು ವಿಜ್ಞಾನ, ಇಷ್ಟು ಆ 42ರ ಕೋರ್‌ನೊಳಗೇ ಸೇರಿಬಿಡುತ್ತವೆ. ಅಂದರೆ ಹೊರಗೆ ಉಳಿಯುವುದು 35. ಕೋರ್ 42, ಮೇಜರ್ ಸುಮಾರು 33, ವಿಜ್ಞಾನ 35, ಒಟ್ಟು 110. ಇನ್ನೂ ಹತ್ತು ಅವರ್ ಕೈಯಲ್ಲಿದೆ. ಬಿ.ಎ.ಗೆ ಅನ್ಯಭಾಷೆಯ ಷರತ್ತೊಂದು ಇರುತ್ತದೆ, ಬಹಳ ಮಕ್ಕಳು ಅಲ್ಲೇ ಸೆಮಿಸ್ಟರ್‌ಗಟ್ಟಲೆ ಕಳೆಯುತ್ತಾರೆ. ರೋಗಿಗೆ ದುಭಾಷಿಯಾಗುವಷ್ಟು ಸ್ಪ್ಯಾನಿಷ್ ಬರುವ ಹುಡುಗಿ ಪ್ಲೇಸ್‌ಮೆಂಟ್ ಪರೀಕ್ಷೆ ಬರೆದರೆ ಅದರ ಬಹುಪಾಲು ಅಲ್ಲೇ ಮುಗಿಯುತ್ತದೆ. ಬರೆದಿದ್ದಾಳಾ ಎಂದು ಕೇಳಿ. ಈ ಲೆಕ್ಕ ಅಂದಾಜಿನದು. ನಿಖರವಾದದ್ದು ಅವಳು ಸೇರಿದ ವರ್ಷದ ಕೆಟಲಾಗ್‌ನಲ್ಲಿರುತ್ತದೆ. ಹೊಸ ಮೇಜರ್‌ಗೆ ಡಿಗ್ರಿ ಆಡಿಟ್ ಮಾಡಿಸಿ ನೋಡಿದರೆ ಅವಳ ಯಾವ ಕೋರ್ಸ್ ಎಲ್ಲಿ ಕೂರುತ್ತದೆ, ಯಾವುದು ಬೀದಿಗೆ ಬೀಳುತ್ತದೆ ಎಂದು ಕಂಪ್ಯೂಟರೇ ಹೇಳುತ್ತದೆ. ಸಹಿ ಹಾಕುವ ಮೊದಲು ಅವಳು ಮಾಡಬೇಕಾದ ಕೆಲಸ ಅದು. ಬಯಾಲಜಿ ಇರುವುದು ನೈಸರ್ಗಿಕ ವಿಜ್ಞಾನಗಳ ಕಾಲೇಜಿನಲ್ಲಿ, ಈ ಪದವಿ ಇರುವುದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ. ಆದ್ದರಿಂದ ಆಂತರಿಕ ವರ್ಗಾವಣೆಗೆ ಅರ್ಜಿ, ಅದಕ್ಕೊಂದು ಗಡುವು ಎಲ್ಲ ಇರುತ್ತದೆ.

ಎಂಸಿಎಟಿಯ ವಿಷಯ ಎರಡೇ ಮಾತು. ಅದರಲ್ಲಿ ನಾಲ್ಕು ಭಾಗ. 2015ರಿಂದ ಒಂದು ಇಡೀ ಭಾಗ ಮನಶ್ಶಾಸ್ತ್ರ, ಸಮಾಜಶಾಸ್ತ್ರದ ಮೇಲಿದೆ, ಇನ್ನೊಂದು ಓದಿ ವಿಮರ್ಶಿಸುವ ಸಾಮರ್ಥ್ಯದ್ದು. ಹೊಸ ಮೇಜರ್ ಈ ಎರಡಕ್ಕೆ ಒಳ್ಳೆಯ ತಯಾರಿ. ಉಳಿದ ಎರಡು ಭಾಗಕ್ಕೆ ಕೆಮಿಸ್ಟ್ರಿ ಬೇಕೇ ಬೇಕು.

ಹಾಂ, ಕೆಮಿಸ್ಟ್ರಿ. ನಿಮ್ಮ ಮಗಳು ಹೇಳದೆ ಬಿಟ್ಟದ್ದು ಇದನ್ನೇ. ಮೇಜರ್ ಬದಲಿಸಿದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಡಿಗ್ರಿಯ ಖಾತೆಯಿಂದ ಹೋಗುತ್ತದೆ, ಮೆಡಿಕಲ್ ಖಾತೆಯಿಂದ ಹೋಗುವುದಿಲ್ಲ. ಅವಳು ಮೇಜರ್ ಬದಲಿಸುವುದು ಕ್ಲಿನಿಕ್ಕಿನಲ್ಲಿ ಕಂಡದ್ದರ ಕಡೆಗೆ ನಡೆದು ಹೋಗಲಿಕ್ಕೋ, ಕೆಮಿಸ್ಟ್ರಿಯಿಂದ ಓಡಿ ಹೋಗಲಿಕ್ಕೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಯಾವುದು ಎಷ್ಟು ಎನ್ನುವುದು ಅವಳಿಗೆ ತಿಳಿದಿರಬೇಕು. ಡಾಕ್ಟರ್ ಆಗುವ ಆಸೆ ಇನ್ನೂ ಇದ್ದರೆ ಆ ಕೋರ್ಸನ್ನು ಮತ್ತೆ ತೆಗೆದುಕೊಳ್ಳಲೇಬೇಕು, ಬೇಸಿಗೆಯಲ್ಲೋ ಮುಂದಿನ ವರ್ಷವೋ, ಜೊತೆಗೆ ಬೇರೆ ಭಾರ ಕಡಿಮೆ ಇರುವ ಸೆಮಿಸ್ಟರ್ ನೋಡಿಕೊಂಡು. ಆಸೆಯೇ ಹೋಗಿದ್ದರೆ ‘ಇದು ಓದಿದರೂ ಡಾಕ್ಟರ್ ಆಗಬಹುದು’ ಎಂಬ ಮಾತನ್ನು ಅವಳು ನಿಮ್ಮನ್ನು ಸಮಾಧಾನ ಮಾಡಲು ಆಡುತ್ತಿದ್ದಾಳೆ ಎಂದರ್ಥ. ಹಾಗೆ ಆಡುವ ಅಗತ್ಯ ಅವಳಿಗೆ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಹಿಂದೊಮ್ಮೆ ನಾನು ಒಬ್ಬ ಹುಡುಗನಿಗೆ ‘ಇನ್ನೊಂದೇ ವರ್ಷ, ಬಯಾಲಜಿಯಲ್ಲೇ ಇರು’ ಎಂದು ಬುದ್ಧಿ ಹೇಳಿ ಕೂರಿಸಿದ್ದೆ. ಮರ್ಯಾದೆಗೆ ಕೂತ. ಅಂಕ ಇಳಿಯುತ್ತಾ ಹೋಗಿ ಕೊನೆಗೆ ಆ ಅಂಕಗಳನ್ನು ಹೊತ್ತುಕೊಂಡು ಯಾವ ಕಡೆಗೂ ಹೋಗಲಾಗದೆ ಒದ್ದಾಡಿದ. ಮೇಜರ್ ಹೆಸರು ಅರ್ಜಿಯಲ್ಲಿ ಒಂದು ಸಾಲು, ಅಂಕಗಳು ಪುಟಗಟ್ಟಲೆ. ಆ ಹುಡುಗನ ನೆನಪಾದಾಗಲೆಲ್ಲ ನನಗೆ ಮೇಜಿನ ಆ ಕಡೆ ಕೂತವರ ಮಾತನ್ನು ಇನ್ನೂ ಸ್ವಲ್ಪ ಹೊತ್ತು ಕೇಳಬೇಕಿತ್ತು ಅನಿಸುತ್ತದೆ.

ದುಡ್ಡಿನ ವಿಷಯಕ್ಕೆ ಎರಡು ಕಾನೂನು ಗೊತ್ತಿರಲಿ, ಎರಡೂ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಿದವು. ಒಂದು, ಪದವಿ ಮುಗಿಯುವವರೆಗೆ ಒಟ್ಟು ಆರು ಕೋರ್ಸನ್ನು ಮಾತ್ರ ಡ್ರಾಪ್ ಮಾಡಬಹುದು. ಸೆಮಿಸ್ಟರ್‌ನ ಮೊದಲ ದಿನಗಳಲ್ಲೇ ಬಿಟ್ಟರೆ ಲೆಕ್ಕಕ್ಕಿಲ್ಲ, ಆಮೇಲೆ ಬಿಟ್ಟರೆ ಆಸ್ಟಿನ್‌ನ ಮಕ್ಕಳು ಹೇಳುವ ‘ಕ್ಯೂ ಡ್ರಾಪ್’. ಅವಳದು ಈಗ ಎಷ್ಟಾಯಿತು ಎಂದು ಕೇಳಿ, ಗದರಿಸುವ ದನಿಯಲ್ಲಿ ಬೇಡ. ಎರಡು, ಪದವಿಗೆ ಬೇಕಾದ 120ರ ಮೇಲೆ ಇನ್ನೂ 30 ಅವರ್ ದಾಟಿದರೆ, ರಾಜ್ಯದ ನಿವಾಸಿಗಳಿಗೆ ಸಿಗುವ ಕಡಿಮೆ ಶುಲ್ಕ ತಪ್ಪಿ ಹೆಚ್ಚಿನ ಶುಲ್ಕ ಹಾಕಬಹುದು. ಎರಡನೇ ವರ್ಷದಲ್ಲಿ ಬದಲಿಸಿದರೆ ಆ ಗೆರೆ ದೂರವಿದೆ, ನಾಲ್ಕನೇ ವರ್ಷದಲ್ಲಿ ಬದಲಿಸಿದರೆ ಹತ್ತಿರ. ಹಾಗಾಗಿ ಬದಲಿಸುವುದೇ ಆದರೆ ತಡಮಾಡದಿರುವುದು ಒಳ್ಳೆಯದು. ನಿಮ್ಮವರು ಮಾತು ಬಿಟ್ಟು ಕಳೆಯುವ ಒಂದೊಂದು ತಿಂಗಳಿಗೂ ಬೆಲೆ ಇದೆ ಎಂದು ಅವರಿಗೆ ಲೆಕ್ಕದ ಭಾಷೆಯಲ್ಲೇ ಹೇಳಿ.

ಟೆಕ್ಸಾಸ್‌ನ ನಿವಾಸಿಯಾಗಿರುವುದು ಅವಳಿಗೆ ಇನ್ನೊಂದು ಬಲ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಹೊರರಾಜ್ಯದವರಿಗೆ ಕೊಡಬಹುದಾದ ಸೀಟು ಶೇಕಡಾ 10 ಮಾತ್ರ. ಆಸ್ಟಿನ್‌ನಲ್ಲೇ 2016ರಲ್ಲಿ ಮೊದಲ ತರಗತಿ ಶುರುಮಾಡಿದ ಡೆಲ್ ವೈದ್ಯಕೀಯ ಶಾಲೆಯೂ ಇದೆ.

ಇಲ್ಲಿ ಬೇರೆ ಓದುಗರಿಗೊಂದು ಮಾತು. ಈ ಪತ್ರ ಬರೆದವರ ಮಗಳು ಅಲ್ಲೇ ಹುಟ್ಟಿದವಳು. ತಾಯಿ ಅಥವಾ ತಂದೆಯ ಉದ್ಯೋಗ ವೀಸಾದ ಆಸರೆಯಲ್ಲಿ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳ ಲೆಕ್ಕ ಬೇರೆ. ಇಪ್ಪತ್ತೊಂದು ತುಂಬಿದ ದಿನ ಆ ವೀಸಾ ಕೈಬಿಡುತ್ತದೆ. ಆಮೇಲೆ ಸಾಮಾನ್ಯವಾಗಿ ಹಿಡಿಯುವ ವಿದ್ಯಾರ್ಥಿ ವೀಸಾದಲ್ಲಿ ಪದವಿ ಮುಗಿಸಿದವರಿಗೆ ಕೆಲಸ ಮಾಡಲು ಸಿಗುವ ಒಪಿಟಿ ಹನ್ನೆರಡು ತಿಂಗಳು. ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿರುವ ಪದವಿಗೆ ಮಾತ್ರ ಮೇಲೆ ಇಪ್ಪತ್ನಾಲ್ಕು ತಿಂಗಳು ಸೇರುತ್ತದೆ. ಸಮಾಜವಿಜ್ಞಾನದ ಬಿ.ಎ.ಗಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುವುದಿಲ್ಲ. ಅಮೆರಿಕದ ಬಹಳಷ್ಟು ವೈದ್ಯಕೀಯ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ನೋಡುವುದಿಲ್ಲ. ಅಂಥ ಮನೆಯವರು ನನ್ನ ಈ ಉತ್ತರವನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳಿ.

ಡಾಕ್ಟರ್ ಆಗದಿದ್ದರೆ? ಆ ದಾರಿಯನ್ನೂ ನೋಡಿಟ್ಟುಕೊಳ್ಳಲಿ. ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಇದರ ಸಹಜ ಮುಂದಿನ ಮೆಟ್ಟಿಲು. ಬೇರೆ ವಿಷಯದಲ್ಲಿ ಪದವಿ ಆದವರು ಬೇಗ ನರ್ಸಿಂಗ್ ಮುಗಿಸುವ ಕೋರ್ಸುಗಳಿವೆ, ಆಸ್ಪತ್ರೆ ಆಡಳಿತವಿದೆ, ಆರೋಗ್ಯ ಕಾನೂನು ಇದೆ. ಬರೀ ಬಿ.ಎ.ಯಲ್ಲೇ ನಿಂತರೂ ಕೆಲಸ ಸಿಗುತ್ತದೆ, ಆದರೆ ಮೊದಲ ಸಂಬಳ ನಿಮ್ಮ ನೆರೆಮನೆಯ ಸಾಫ್ಟ್‌ವೇರ್ ಹುಡುಗನದಷ್ಟು ಇರುವುದಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅಡ್ವೈಸರ್‌ಗೆ ಫೋನ್ ಮಾಡಬೇಡಿ. ಮಾಡಿದರೂ ಅವರು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ಅವಳದೇ, ಅವಳು ಬರೆದುಕೊಡದೆ ಸಾಮಾನ್ಯವಾಗಿ ತಾಯಿ ತಂದೆಗೂ ತೋರಿಸುವುದಿಲ್ಲ, ಅದಕ್ಕೆ 1974ರ ಕಾನೂನಿದೆ. ಫೀಸು ಕಟ್ಟುವವರು ನಾವು, ಮಾರ್ಕ್ಸ್ ಕೇಳುವ ಹಕ್ಕಿಲ್ಲವೇ ಎಂದು ನನ್ನ ಮುಂದೆಯೇ ಮೇಜು ಗುದ್ದಿದ ಅಪ್ಪಂದಿರಿದ್ದಾರೆ, ನಮ್ಮ ಕಡೆಯವರೇ. ನಾನು ಸುಮ್ಮನೆ ಕಾಫಿ ತರಿಸುತ್ತಿದ್ದೆ. ಫೋನ್ ಮಾಡುವ ಬದಲು ಮಗಳು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಾಗ ಊಟದ ನಂತರ ಲ್ಯಾಪ್‌ಟಾಪ್ ತೆರೆದು ಆ ಎರಡೂ ಖಾತೆ ತೋರಿಸು ಎನ್ನಿ. ಅದಕ್ಕೂ ಮೊದಲು, ಆ ಕ್ಲಿನಿಕ್ಕಿನ ಹೆಂಗಸು ಆಮೇಲೆ ಏನಾದಳು ಎಂದು ಕೇಳಿ. ನಿಮ್ಮವರೂ ಅಲ್ಲೇ ಕೂತಿರಲಿ, ಮಾತಾಡದಿದ್ದರೂ ಕೇಳಿಸಿಕೊಳ್ಳುತ್ತಾರೆ.

ಕನ್ನಡ ಕೂಟದಲ್ಲಿ ಕೇಳಿದವರಿಗೆ ‘ಹೆಲ್ತ್ ಆಂಡ್ ಸೊಸೈಟಿ ಓದ್ತಿದಾಳೆ’ ಅಂತ ಇದ್ದದ್ದನ್ನೇ ಹೇಳಿ. ‘ಅಂದ್ರೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಕ್ಯಾಸನೂರಿನಿಂದ ಶುರುಮಾಡಿ. ಊಟದ ಸಾಲು ಬಿಸಿಬೇಳೆ ಬಾತಿನ ಹತ್ತಿರ ಬರುವಷ್ಟರಲ್ಲಿ ಅರಲಗೋಡಿನವರೆಗೆ ಹೇಳಿ ಮುಗಿಸಬಹುದು.